ತಗಡು ಸುತ್ತಿದ ಕಡ್ಡಿ

ಮೊದಲ ಏಟು ಬಿದ್ದಾಗ ನಿರ್ಮಲ ಗಂಡನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದಳು. ಆಸ್ಪತ್ರೆಯವರು ಕಟ್ಟಿದ್ದ ಬ್ಯಾಂಡೇಜು ದಾರಿಯಲ್ಲೇ ಸಡಿಲವಾಗಿತ್ತು. ಬಾಗಿಲ ಕಡೆಯಿಂದ ಪಟಾರೆಂದು ಸದ್ದು ಬಂತು. ಅವಳು ತಲೆ ಎತ್ತಲಿಲ್ಲ. ಬಿದ್ದದ್ದು ಅಂಗೈಯೋ ಮುಷ್ಟಿಯೋ ಎಂದು ನೋಡದೆಯೇ ಹೇಳಬಲ್ಲ ಹೆಂಗಸು ಅವಳು. ಇದು ಅಂಗೈ. ಎರಡನೆಯದು ಮುಷ್ಟಿ. ಗಂಟು ಬಿಗಿ ಮಾಡಿದ ಮೇಲೆಯೇ ಕತ್ತು ತಿರುಗಿಸಿದಳು.

ಮಗ ವಿನಯ್ ಇಬ್ರಾಹಿಮನ ಅಂಗಿಯ ಕೊರಳು ಹಿಡಿದು ಗೋಡೆಗೆ ಒತ್ತಿದ್ದ. ಇಬ್ರಾಹಿಮನ ಕೈಯಲ್ಲಿದ್ದ ಮಲ್ಲಿಗೆ ಹಾರ ಹರಿದು ಇಬ್ಬರ ಕಾಲಡಿಗೂ ಚೆಲ್ಲಿತ್ತು.

"ಯಾವ ಮುಖ ಇಟ್ಕೊಂಡು ಬಂದೆ? ಕೊಂದಿದ್ದು ಸಾಲದು ಅಂತ ಹಾರ ಬೇರೆ ತಂದ್ಯಾ?"

"ತಪ್ಪಾಯ್ತು ಮೋನೇ, ಮಗಾ," ಎಂದ ಇಬ್ರಾಹಿಂ. ತುಟಿ ಒಡೆದಿತ್ತು. "ತಪ್ಪು ನನ್ನದೇ. ಒಂದ್ಸಲ ಸಾರ್ ಮುಖ ನೋಡಿ ಹೋಗ್ತೇನೆ."

"ತಪ್ಪು ಒಪ್ಕೊಂಡ, ನೋಡಿ, ಎಲ್ಲರೂ ಕೇಳಿಸ್ಕೊಳಿ," ಎಂದು ಕೂಗಿದವನು ನಿರ್ಮಲಳ ಗಂಡ ಶ್ರೀಕಂಠನ ತಮ್ಮ ಅನಂತ. ಮೈಸೂರಿನಿಂದ ಹೊರಟು ಬೆಳಿಗ್ಗೆಯಷ್ಟೇ ಬಂದಿಳಿದಿದ್ದ. ಅಣ್ಣ ಬದುಕಿದ್ದಾಗ ಈ ಊರಿನ ಕಡೆ ತಲೆ ಹಾಕಿರಲಿಲ್ಲ. ಈಗ ಇದ್ದವರಲ್ಲೆಲ್ಲ ದೊಡ್ಡ ಗಂಟಲು ಅವನದೇ ಆಗಿತ್ತು.

ಶ್ರೀಕಂಠನ ಹಳೆಯ ಸಹೋದ್ಯೋಗಿ ಬೋಪಯ್ಯ ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿದರು. ಇಬ್ರಾಹಿಮನನ್ನು ಹೊರಗೆ ಕರೆದುಕೊಂಡು ಹೋಗಿ ಕಾಂಪೌಂಡಿನ ಮೆಟ್ಟಿಲ ಮೇಲೆ ಕೂರಿಸಿದರು. ಹೋಗಿಬಿಡು ಮಾರಾಯ ಎಂದರೂ ಅವನು ಹೋಗಲಿಲ್ಲ. ಮಲಯಾಳ ಸೀಮೆಯ ಆ ಊರಿನ ಪಟ್ಟಂ ಬಡಾವಣೆಯ ಓಣಿಯಲ್ಲಿ ಆಟೋಗಳು ನಿಧಾನ ಮಾಡಿ, ಹೆಣದ ಮನೆಯ ಮುಂದೆ ರಕ್ತ ಒರೆಸಿಕೊಳ್ಳುತ್ತಿರುವ ಮನುಷ್ಯನನ್ನು ನೋಡಿ ಮುಂದೆ ಹೋದವು.

ಇಬ್ರಾಹಿಂ ಕಾಸರಗೋಡಿನವನು. ಕೊಚ್ಚಿಯ ವೈಟ್ಟಿಲದ ಹತ್ತಿರ ಮರಗೆಲಸದ ಸಾಮಾನಿನ ಅಂಗಡಿ ಇಟ್ಟಿದ್ದ. ಮಲಯಾಳದ ನಡುವೆ ಕನ್ನಡ ಕೇಳಿ ಖುಷಿಯಾಗಿ ಶ್ರೀಕಂಠ ಅವನಿಗೆ ಗಂಟುಬಿದ್ದಿದ್ದ. ಶ್ರೀಕಂಠ ನಿವೃತ್ತನಾದ ಮೇಲೆ ಪೆನ್ನು ಮಾಡುವ ಹುಚ್ಚು ಹಿಡಿಸಿಕೊಂಡವನು. ನೋಡುವವರಿಗೆ ಅದು ಮಕ್ಕಳಾಟ. ಮರದ ತುಂಡಿಗೆ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಅದನ್ನು ಉಕ್ಕಿನ ಉದ್ದ ಕಡ್ಡಿಗೆ ಪೋಣಿಸಿ, ಲೇತಿನಲ್ಲಿ ಗಿರಗಿರ ತಿರುಗಿಸುತ್ತ ಉಳಿ ಹಿಡಿಯುವುದು. ತೊಂದರೆ ಎಲ್ಲಿ ಎಂದರೆ, ಲೇತು ಕೊಯಮತ್ತೂರಿನವನದು, ಕಡ್ಡಿ ದಿಲ್ಲಿಯವನದು, ಮರದ ಎರಡು ಬದಿಗೆ ಹಾಕುವ ಬುಷ್ಷು ಇನ್ನೊಬ್ಬನದು, ಪೆನ್ನಿನ ಒಳಸಾಮಾನಿನ ಕಿಟ್ಟು ಮತ್ತೊಬ್ಬನದು. ಒಬ್ಬನ ಏಳು ಮಿಲಿಮೀಟರು ಇನ್ನೊಬ್ಬನಿಗೆ ಏಳಲ್ಲ. ಕಡ್ಡಿಯ ಬುಡ ಮೂಲಂಗಿಯ ಹಾಗೆ ಇಳಿಜಾರಾಗಿರುತ್ತದೆ, ಅದು ಲೇತಿನ ಗೂಡಿನಲ್ಲಿ ಕಚ್ಚಿ ಕೂರಬೇಕು. ಶ್ರೀಕಂಠನ ಲೇತಿನ ಗೂಡು ಎರಡನೇ ನಂಬರಿನದು. ಇಬ್ರಾಹಿಂ ಕಳಿಸಿದ ಕಡ್ಡಿಯ ಬುಡ ಒಂದನೇ ನಂಬರಿನದು, ತೆಳ್ಳಗಿನದು. ತಿರುಗುವಾಗ ಅದು ಗೂಡಿನಿಂದ ಕಳಚಿ, ಬಾಗಿ, ಚಾಟಿಯಂತೆ ಬೀಸಿ ಶ್ರೀಕಂಠನ ತಲೆಗೆ, ಕಿವಿಯ ಮೇಲೆ ಬಡಿದಿತ್ತು.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ನಿರ್ಮಲಳಿಗೆ ಒಬ್ಬಳಿಗೇ ಗೊತ್ತಿತ್ತು.

*

ಮದುವೆಯಾಗಿ ಬಂದ ಹೊಸತರಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹಾಳಾಯಿತು. ಚಾಲೆ ಬಜಾರಿನಲ್ಲಿ ಆ ಕಂಪನಿಯದು ಸಿಗದೆ ನಿರ್ಮಲ ಬೇರೆ ಕಂಪನಿಯದು ತಂದಳು. ಅದು ಕೂರಲಿಲ್ಲ. "ಬೇರೆದು ತರ್ತೀನಿ ಬಿಡಿ," ಎಂದಳು.

"ಬೇರೆದು ಯಾಕೆ? ಕೂರುತ್ತೆ. ಕೂರಲೇಬೇಕು," ಎಂದ ಶ್ರೀಕಂಠ.

ನಂಜನಗೂಡಿನಿಂದ ಫಿಟ್ಟರ್ ಆಗಿ ಬಂದು, ರಾಕೆಟ್ಟಿನ ಸಂಸ್ಥೆಯ ಯಂತ್ರಶಾಲೆ ಸೇರಿದ ಹುಡುಗ. ಅಲ್ಲಿ ಕೂದಲಿನಷ್ಟು ವ್ಯತ್ಯಾಸವಾದರೂ ತುಂಡನ್ನು ಬದಿಗೆಸೆದು ಹೊಸದು ಮಾಡಬೇಕು. ದಿನವಿಡೀ ಆ ಶಿಸ್ತಿನಲ್ಲಿ ಹಲ್ಲುಕಚ್ಚಿ ನಿಂತು ಬರುತ್ತಿದ್ದ. ಮನೆಯಲ್ಲಿ ಮಾತ್ರ ಯಾವುದನ್ನೂ ಬದಿಗೆ ಹಾಕುತ್ತಿರಲಿಲ್ಲ. ಕೂರದ್ದನ್ನು ಅರದಲ್ಲಿ ಉಜ್ಜಿ, ಸ್ಕ್ರೂಡ್ರೈವರಿನಲ್ಲಿ ಒತ್ತಿ, ಕೊನೆಗೆ ಬಡಿದು ಕೂರಿಸುತ್ತಿದ್ದ. ಗ್ಯಾಸ್ಕೆಟ್ಟೂ ಕೂತಿತು. ಮರುದಿನ ಮುಚ್ಚಳ ಹಾರಿ ಬೇಳೆಯೆಲ್ಲ ಸೂರಿಗೆ ಹೋಯಿತು. ನಿರ್ಮಲಳ ಮೊಣಕೈ ಬೆಂದಿತು. ಅವನು ಓಡಿಬಂದು ಒಲೆ ಆರಿಸಿದ, ಅವಳ ಕೈಯನ್ನು ನಲ್ಲಿ ನೀರಿಗೆ ಹಿಡಿದ, ಬರ್ನಾಲ್ ಹಚ್ಚಿದ. ಎಲ್ಲ ಆದಮೇಲೆ, ಬೇರೆ ಕಂಪನಿಯದು ತಂದಿದ್ದಕ್ಕೆ ಅವಳ ಕೆನ್ನೆಗೆ ಹೊಡೆದ. ಅವಳ ತಲೆ ಕಪಾಟಿನ ಅಂಚಿಗೆ ತಾಗಿ ಹುಬ್ಬು ಸೀಳಿತು.

"ಬಾತ್‌ರೂಮಲ್ಲಿ ಜಾರಿ ಬಿದ್ದೆ," ಎಂದಳು ಪಕ್ಕದ ಮನೆಯ ಸುಮಿತ್ರಳಿಗೆ. ಅದು ಮೊದಲ ಸಲ. ಆಮೇಲೆ ಆ ಬಾತ್‌ರೂಮಿನಲ್ಲಿ ಅವಳು ಎಷ್ಟು ಜಾರಿದಳೆಂದರೆ, ಸುಮಿತ್ರ ಒಂದು ರಬ್ಬರ್ ಚಾಪೆ ತಂದುಕೊಟ್ಟಳು. ಕೆಟ್ಟ ಮನುಷ್ಯ ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲೂ ಆಗುತ್ತಿರಲಿಲ್ಲ. ಅವಳ ತಾಯಿಗೆ ಕಾಯಿಲೆಯಾದಾಗ ಎರಡು ವರ್ಷ ಈ ಮನೆಯಲ್ಲೇ ಇಟ್ಟುಕೊಂಡು ಮಲ ಬಾಚಿದವನು ಅವನೇ. ಮಗನಿಗೆ ಬೆಲ್ಟಿನಲ್ಲಿ ಬಾಸುಂಡೆ ಬರಿಸಿದವನೂ ಅವನೇ. ವಿನಯ್ ಅಡುಗೆಮನೆಗೆ ಓಡಿ ಬಂದು ಅವಳ ಸೀರೆ ಹಿಡಿದು ನಿಲ್ಲುತ್ತಿದ್ದ. ಅವಳು ಅವನ ಬಾಯಿ ಮುಚ್ಚಿ, "ಸುಮ್ನಿರು, ಸುಮ್ನಿದ್ರೆ ತಣ್ಣಗಾಗುತ್ತೆ," ಎನ್ನುತ್ತಿದ್ದಳು. ಮನೆಯಲ್ಲಿ ಅವಳು ಮಗನಿಗೆ ಹೇಳಿಕೊಟ್ಟ ಪಾಠ ಅದೊಂದೇ, ಅದನ್ನೂ ಅವನು ಕಲಿಯಲಿಲ್ಲ.

*

ಆಂಬುಲೆನ್ಸು ತಡವಾಯಿತು. ತೈಕ್ಕಾಡಿನ ವಿದ್ಯುತ್ ಚಿತಾಗಾರದಲ್ಲಿ ಇವರ ಸರದಿ ಮಧ್ಯಾಹ್ನದ ಮೇಲೆ. ಬಂದವರು ಕುರ್ಚಿಗಳಲ್ಲಿ ಕೂತು ಸತ್ತವನ ಗುಣಗಾನ ಮಾಡಿದರು. ಗಂಡಸರ ಜೇಬಿನಲ್ಲೆಲ್ಲ ಶ್ರೀಕಂಠ ಮಾಡಿಕೊಟ್ಟ ಪೆನ್ನುಗಳಿದ್ದವು. ಹಲಸು, ತೇಗ, ಬೀಟೆ. ಒಬ್ಬರ ಪೆನ್ನನ್ನು ಇನ್ನೊಬ್ಬರು ಇಸಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಮೈಕ್ರಾನ್ ಲೆಕ್ಕದ ಮನುಷ್ಯ," ಎಂದರು ಬೋಪಯ್ಯ. "ನಮ್ಮ ಸೆಕ್ಷನ್ನಲ್ಲಿ ಅವನು ಒಂದು ಪೀಸ್ ಮುಟ್ಟಿದ ಅಂದ್ರೆ ಇನ್‌ಸ್ಪೆಕ್ಷನ್ನೇ ಬೇಡ. ಕೋಪ ಸ್ವಲ್ಪ ಇತ್ತು. ಕೆಲಸ ಗೊತ್ತಿದ್ದೋರಿಗೆ ಇರುತ್ತೆ."

ನಿರ್ಮಲ ತಲೆಯ ಬಳಿ ಕೂತಿದ್ದಳು. ಸ್ವಲ್ಪ ಎನ್ನುವ ಆ ಮಾತು ಅವಳಿಗೆ ಚುರ್ ಎಂದಿತು. ಆದರೂ ಅಳು ಬಂತು, ಅದು ನಿಜವಾದ ಅಳುವೇ. ಬ್ಯಾಂಡೇಜಿನ ನಡುವೆ ಕಾಣುವ ಮುಖದಲ್ಲಿ ಸಿಟ್ಟಿನ ಗೆರೆ ಒಂದೂ ಇರಲಿಲ್ಲ. ಈ ಮುಖದ ಜೊತೆ ಬದುಕಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಅನಂತ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತ.

"ಅತ್ತಿಗೆ, ನಾಳೆ ಎಸ್ಸೈ ಬರ್ತಾರಂತೆ, ನಿಮ್ಮ ಹೇಳಿಕೆ ತಗೊಳಕ್ಕೆ. ಮನೇಲಿದ್ದೋರು ನೀವೊಬ್ರೇ ಅಲ್ವಾ? ಜಾಸ್ತಿ ಏನೂ ಬೇಡ. ಆ ಇಬ್ರಾಹಿಂ ತಪ್ಪು ಸಾಮಾನು ಕಳಿಸಿದ, ಅದ್ರಿಂದ ಹೀಗಾಯ್ತು. ಇಷ್ಟು ಅಂದ್ರೆ ಸಾಕು, ಅವನನ್ನ ಒಳಗೆ ಹಾಕಿಸೋದು ನಮಗೆ ಬಿಡಿ."

"ಇಷ್ಟೇ ಸಾಕಾ?"

"ಸುಳ್ಳೇನಲ್ವಲ್ಲ ಅತ್ತಿಗೆ. ತಪ್ಪು ಸಾಮಾನು ಕಳಿಸಿದ್ದು ಹೌದು ತಾನೇ?"

ಹೌದು. ಅದು ಸುಳ್ಳಲ್ಲ. ನಿರ್ಮಲ ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಉಸಿರಾಟದಷ್ಟು ಸಲೀಸು.

ಅಷ್ಟರಲ್ಲಿ ವಿನಯ್ ಫೋನಿನಲ್ಲಿ ಆಂಬುಲೆನ್ಸಿನವನ ಜೊತೆ ಮಲಯಾಳದಲ್ಲಿ ಜಗಳಕ್ಕಿಳಿದ. ಕೊಚ್ಚಿ ಬಂದರಿನ ವಲ್ಲಾರ್ಪಾಡಂ ಕಂಟೈನರು ಯಾರ್ಡಿನಲ್ಲಿ ಲಾರಿ ಡ್ರೈವರುಗಳ ಮೇಲೆ ಕೂಗಾಡಿ ಬೆಳೆದ ದನಿ ಅದು. ಅದು ಏರಿದ ಹಾಗೆ ಅವನ ಹೆಂಡತಿ ಐಶ್ವರ್ಯ ಮೆಲ್ಲನೆ ಎದ್ದಳು. ಅವನ ಕೈಗೆಟುಕುವ ಹಾಗಿದ್ದ ನೀರಿನ ಚೊಂಬು, ಗಾಜಿನ ಲೋಟಗಳು, ಫ್ಲಾಸ್ಕು ಒಂದೊಂದನ್ನೇ ಎತ್ತಿ ಪರದೆಯ ಹಿಂದೆ ಇಟ್ಟು, ಏನೂ ಆಗದವಳಂತೆ ಮತ್ತೆ ಬಂದು ಕೂತಳು. ಯಾರೂ ಗಮನಿಸಲಿಲ್ಲ.

ನಿರ್ಮಲ ಗಮನಿಸಿದಳು. ಈ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ, ಏಟು ತಿಂದವರಿಗೆ ತಾನಾಗಿ ಬರುತ್ತದೆ. ಗಂಡನ ದನಿ ಏರಿದಾಗ ತಾನು ಇಸ್ತ್ರಿಪೆಟ್ಟಿಗೆ, ಲಟ್ಟಣಿಗೆ, ಲೋಟಗಳನ್ನು ಇದೇ ರೀತಿ, ಇದೇ ಸದ್ದಿಲ್ಲದ ನಡಿಗೆಯಲ್ಲಿ ಸಾಗಿಸಿದ್ದೆಷ್ಟೋ. ಸೊಸೆಯನ್ನು ಅಡುಗೆಮನೆಗೆ ಕರೆದಳು.

"ಎಷ್ಟು ದಿನದಿಂದ ಹೊಡೀತಾನೆ?"

ಐಶ್ವರ್ಯಳ ತಂದೆತಾಯಿ ಹಾಸನದವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಕೊಚ್ಚಿಯಲ್ಲಿ. ಗಾಬರಿಯಾದರೆ ಅವಳ ನಾಲಗೆಗೆ ಮಲಯಾಳವೇ ಬರುತ್ತಿತ್ತು. "ಒನ್ನುಮಿಲ್ಲ ಅಮ್ಮೇ. ಏನಿಲ್ಲ. ಒಂದ್ಸಲ ಬಾತ್‌ರೂಮಲ್ಲಿ..."

"ಆ ಸುಳ್ಳು ಕಂಡುಹಿಡಿದೋಳು ನಾನು ಕಣೇ. ನನಗೇ ಹೇಳ್ಬೇಡ."

ಐಶ್ವರ್ಯ ಸಿಂಕಿನ ಅಂಚು ಹಿಡಿದು ನಿಂತಳು. ಅಡುಗೆಮನೆಯ ಹಿಂದಿನ ವರ್ಕ್ ಏರಿಯಾದಲ್ಲಿ ಲೇತು ಹಾಗೇ ಇತ್ತು. ಕಡ್ಡಿಯನ್ನು ಪೊಲೀಸರು ತೆಗೆದುಕೊಂಡು ಹೋಗಿದ್ದರು. ನೆಲ ತೊಳೆದಿದ್ದರೂ ಗೋಡೆಯ ಮೇಲೆ ಎಟುಕದಷ್ಟು ಎತ್ತರದಲ್ಲಿ ಕಂದು ಚುಕ್ಕೆಗಳಿದ್ದವು.

*

ಆವತ್ತು ನಿರ್ಮಲ ಇದೇ ಸಿಂಕಿನ ಮುಂದೆ ನಿಂತು ಹಾಗಲಕಾಯಿ ಹೆಚ್ಚುತ್ತಿದ್ದಳು. ಪಾರ್ಸೆಲ್ಲು ಬೆಳಿಗ್ಗೆಯ ಬಸ್ಸಿಗೆ ಬಂದಿತ್ತು. ಶ್ರೀಕಂಠ ಕಡ್ಡಿಯನ್ನು ಗೂಡಿಗೆ ಇಳಿಸಿದ. ಅದು ಲೊಡಲೊಡ ಆಡಿತು. ಅಷ್ಟರಲ್ಲಿ ಫೋನು ಬಂತು. ಕೈಗೆ ಎಣ್ಣೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದ.

"ಸಾರ್, ಅದು ಹಾಕ್ಬೇಡಿ, ಆಯ್ತಾ," ಇಬ್ರಾಹಿಮನ ದನಿ. "ನಮ್ಮ ಹುಡುಗ ಒಂದನೇ ನಂಬರಿಂದು ಕಟ್ಟಿ ಕಳಿಸಿದ್ದಾನೆ. ನಿಮ್ಮ ಮೆಶಿನಿಗೆ ಅದು ಆಗುದಿಲ್ಲ. ನಾಳೆ ಬಸ್ಸಿಗೆ ಸರಿಯಾದ್ದು ಹಾಕ್ತೇನೆ. ಒಂದು ದಿವಸ, ಅಷ್ಟೇ."

"ನನಗೆ ಹೇಳ್ಕೊಡ್ತೀಯೇನೋ? ಜೀವಮಾನ ಎಲ್ಲ ಲೇತ್ ಮುಂದೆ ನಿಂತೋನು ನಾನು. ಒಂದು ಸುತ್ತು ತಗಡು ಕೊಟ್ರೆ ಕಚ್ಕೊಳುತ್ತೆ."

"ಬೇಡ ಸಾರ್. ತಗಡು ನಿಲ್ಲುದಿಲ್ಲ. ನಿಮಗೇ ಗೊತ್ತುಂಟಲ್ಲ."

ಗೊತ್ತಿತ್ತು. ಅದೇ ಅವನಿಗೆ ಸಹಿಸಲಾಗದೆ ಹೋದದ್ದು. ತನಗೆ ಗೊತ್ತಿರುವುದನ್ನು ಇನ್ನೊಬ್ಬ ನೆನಪಿಸಿದನಲ್ಲ ಎಂದು ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟ. ಕೊಬ್ಬರಿ ಎಣ್ಣೆಯ ಖಾಲಿ ಡಬ್ಬ ಕತ್ತರಿಸಿ ಕಡ್ಡಿಯ ಬುಡಕ್ಕೆ ಸುತ್ತಿ, ಮರದ ಸುತ್ತಿಗೆಯಿಂದ ಬಡಿಯತೊಡಗಿದ. ಕೂರಲೇಬೇಕು. ಒಂದೊಂದು ಬಡಿತಕ್ಕೂ ಸಿಂಕಿನ ಮೇಲಿನ ತಟ್ಟೆಗಳು ಅದುರಿದವು.

ನಿರ್ಮಲ ಚಾಕು ಇಟ್ಟು ಬಾಗಿಲ ತನಕ ಬಂದಳು. ನಾಳೆ ಮಾಡಿದ್ರಾಯ್ತು ಬಿಡ್ರಿ. ಇಷ್ಟೇ ಮಾತು, ನಾಲಗೆಯ ತುದಿಯಲ್ಲೇ ಇತ್ತು. ಅವನ ಬೆನ್ನನ್ನು ನೋಡಿದಳು, ಕತ್ತಿನ ನರ ಉಬ್ಬಿತ್ತು. ಮರಳಿ ಹೋಗಿ ಹಾಗಲಕಾಯಿಗೆ ಉಪ್ಪು ಹಚ್ಚಿದಳು. ಲೇತು ಗುಂಯ್ ಎಂದಿತು. ಆಮೇಲೆ ಒಂದು ಸದ್ದಾಯಿತು. ಏಟುಗಳ ಸದ್ದನ್ನೆಲ್ಲ ಬಲ್ಲ ಅವಳಿಗೂ ಆ ಸದ್ದು ಹೊಸದು.

*

ಪುರೋಹಿತರು ಬಾಯಿಗೆ ಅಕ್ಕಿ ಹಾಕುವವರು ಬನ್ನಿ ಎಂದರು. ಒಬ್ಬೊಬ್ಬರಾಗಿ ಬಗ್ಗಿ ಅಕ್ಕಿ ಹಾಕಿದರು. ಕೊನೆಗೆ ಬಾಗಿಲ ಬಳಿ ಇಬ್ರಾಹಿಂ ಬಂದು ನಿಂತ. ಒಡೆದ ತುಟಿಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಒಳಗೆ ಕಾಲಿಡಲಿಲ್ಲ, ಅಲ್ಲಿಂದಲೇ ಕೈ ಕಟ್ಟಿಕೊಂಡು ಹೆಣದ ಮುಖ ನೋಡಿದ.

ಚಟ್ಟ ಕಟ್ಟಿ ಉಳಿದ ಬಿದಿರಿನ ತುಂಡೊಂದು ಜಗಲಿಯಲ್ಲಿತ್ತು. ಒದ್ದೆ ಪಂಚೆಯಲ್ಲಿದ್ದ ವಿನಯ್ ಅದನ್ನು ಎತ್ತಿಕೊಂಡದ್ದು ಯಾರಿಗೂ ಕಾಣಲಿಲ್ಲ. ಬೀಸಿದ ಮೇಲೆಯೇ ಕಂಡದ್ದು. ಮೊದಲನೆಯದು ಇಬ್ರಾಹಿಮನ ಹೆಗಲಿಗೆ ಬಿತ್ತು, ಎರಡನೆಯದು ಅಡ್ಡ ಹಿಡಿದ ಕೈಗೆ. ಮೂಳೆ ಲಟಕ್ ಎಂದಿತು. ಇಬ್ರಾಹಿಂ ಮೊಣಕಾಲೂರಿ ಕುಸಿದ. ಅನಂತ, "ಬಿಡ್ಬೇಡ ಅವನನ್ನ," ಎನ್ನುತ್ತಿದ್ದ. ಬೋಪಯ್ಯ ವಿನಯನ ಸೊಂಟ ಹಿಡಿದು ಎಳೆದರೆ ಅವರನ್ನೂ ಗೋಡೆಗೆ ತಳ್ಳಿದ.

"ಫೋನ್ ಮಾಡಿದ್ರು ಅವ್ರು," ಎಂದಳು ನಿರ್ಮಲ.

ದನಿ ಸಣ್ಣದು. ಯಾರಿಗೂ ಕೇಳಿಸಲಿಲ್ಲ. ಅವಳು ಹೆಣದ ಸುತ್ತ ಬಳಸಿ ಬಂದು ಬಿದಿರಿಗೂ ಇಬ್ರಾಹಿಮನಿಗೂ ನಡುವೆ ನಿಂತು ಮತ್ತೆ ಹೇಳಿದಳು.

"ಇಬ್ರಾಹಿಂ ಫೋನ್ ಮಾಡಿದ್ರು. ಹಾಕ್ಬೇಡಿ ಸಾರ್, ಸೈಜ್ ಬೇರೆ, ನಾಳೆ ಸರಿಯಾದ್ದು ಕಳಿಸ್ತೀನಿ ಅಂದ್ರು. ಸ್ಪೀಕರಲ್ಲಿತ್ತು, ನಾನು ಕೇಳಿದೀನಿ. ನಿಮ್ಮಪ್ಪ ಬೈದು ಫೋನ್ ಇಟ್ರು. ಎಣ್ಣೆ ಡಬ್ಬದ ತಗಡು ಹಾಕಿ ಬಡಿದು ಕೂರಿಸಿದ್ರು."

"ಅಕ್ಕ, ಈಗ ಅದೆಲ್ಲ ಎಂತಕ್ಕೆ," ಎಂದ ಇಬ್ರಾಹಿಂ ನೆಲದಿಂದಲೇ. "ಸಾರ್ ಮಲಗಿದ್ದಾರೆ."

"ಅತ್ತಿಗೆ, ಹೆಣದ ಮುಂದೆ ಆಡೋ ಮಾತಾ ಇದು?" ಎಂದ ಅನಂತ.

"ಹೆಣದ ಮುಂದೆಯೇ ಆಡಕ್ಕಾಗೋದು ಅನಂತ. ಇದ್ದಾಗ ಆಗ್ಲಿಲ್ಲ." ಅವಳು ಮಗನ ಕಡೆ ತಿರುಗಿದಳು. "ನಾನು ಬಾಗಿಲ ತನಕ ಬಂದಿದ್ದೆ ಕಣೋ. ಬೇಡ ಅನ್ನಕ್ಕೆ. ಅಂದಿದ್ರೆ ನನಗೊಂದು ಏಟು ಬೀಳ್ತಿತ್ತು, ಅಷ್ಟೇ. ಅವ್ರು ಬದುಕಿರ್ತಿದ್ರು. ಆ ಏಟಿಗೆ ಹೆದರಿ ಸುಮ್ನಾದೆ. ಪೊಲೀಸರ ಮುಂದೂ ಇದನ್ನೇ ಹೇಳ್ತೀನಿ."

"ಬಾಯ್ಮುಚ್ಚಮ್ಮ."

"ಬಾತ್‌ರೂಮಲ್ಲಿ ನಾನು ಯಾವತ್ತೂ ಜಾರಿಲ್ಲ. ನಿನಗೂ ಗೊತ್ತು. ನಿನ್ನ ಹೆಂಡ್ತೀನೂ ಜಾರಿಲ್ಲ."

ವಿನಯನ ಕೈ ಬೀಸಿತು. ಅಂಗೈ. ನಿರ್ಮಲಳ ಕನ್ನಡಕ ಹಾರಿ ಹೆಣದ ಎದೆಯ ಮೇಲಿನ ಹೂವಿನಲ್ಲಿ ಬಿತ್ತು. ಅವಳು ಎಷ್ಟೋ ಏಟು ತಿಂದಿದ್ದಳು, ಎಲ್ಲ ಮುಚ್ಚಿದ ಬಾಗಿಲ ಹಿಂದೆ. ಇಷ್ಟು ಜನ ನೋಡುತ್ತಿರುವಾಗ ತಿಂದದ್ದು ಇದೇ ಮೊದಲು. ನೋವಿಗಿಂತ ಮೊದಲು ಅವಳಿಗೆ ಆದದ್ದು ಒಂದು ವಿಚಿತ್ರ ನಿರಾಳ. ಕೆನ್ನೆ ಮುಚ್ಚಿಕೊಳ್ಳಲಿಲ್ಲ, ಎಲ್ಲರ ಕಡೆಗೂ ಹಾಗೇ ಹಿಡಿದು ನಿಂತಳು.

"ನೋಡಿದ್ರಲ್ಲ ಬೋಪಯ್ಯನೋರೇ," ಎಂದಳು. "ಇಷ್ಟೇ ಸ್ವಲ್ಪ ಕೋಪ."

ಬೋಪಯ್ಯ ತಲೆ ತಗ್ಗಿಸಿದರು. ಸುಮಿತ್ರ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆನಿದಳು. ಆಂಬುಲೆನ್ಸು ಓಣಿಗೆ ಬಂದು ಹಾರ್ನ್ ಮಾಡಿತು. ಗಂಡಸರು ಹೆಣ ಎತ್ತಿದರು. ವಿನಯ್ ಯಾರ ಮುಖವನ್ನೂ ನೋಡದೆ ಮಡಕೆ ಹಿಡಿದು ಮುಂದೆ ನಡೆದ. ಸುಮಿತ್ರಳ ಗಂಡ ಇಬ್ರಾಹಿಮನನ್ನು ಆಟೋದಲ್ಲಿ ಮೆಡಿಕಲ್ ಕಾಲೇಜಿಗೆ ಕರೆದುಕೊಂಡು ಹೋದ.

*

ಹೆಂಗಸರು ಮನೆ ತೊಳೆದು ಸ್ನಾನ ಮಾಡಿದರು. ಸುಮಿತ್ರ ಗಂಜಿ, ಹೆಸರುಕಾಳಿನ ಪಯರು ತಂದಿಟ್ಟು ಹೋದಳು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

ಸ್ಮಶಾನದಿಂದ ಬಂದವರು ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಹೋಗಿಬರ್ತೀನಿ ಎನ್ನದೆ ಹೊರಡುವುದು ಪದ್ಧತಿ. ಮಬ್ಬುಗತ್ತಲಾಗುವ ಹೊತ್ತಿಗೆ ನಿರ್ಮಲ ದೀಪ ಹಚ್ಚಿದಳು. ನಡುಮನೆಯಲ್ಲಿ ಇಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ಹೊರಬಾಗಿಲಿನ ಆಚೆ, ಮೆಟ್ಟಿಲ ಮೇಲೆ ಇಟ್ಟು ಒಳಗೆ ಬಂದು ಚಿಲಕ ಹಾಕಿದಳು. ಮೇಲಿನದು, ಕೆಳಗಿನದು, ಎರಡೂ.

"ಅಮ್ಮೇ, ಅವರು ಒಳಗೆ ಬರಬೇಡ್ವಾ?" ಎಂದಳು ಐಶ್ವರ್ಯ.

"ದೀಪ ಕಾಣುತ್ತಲ್ಲ. ನೀನು ಗಂಜಿ ಕುಡಿ."

ಗೇಟಿನ ಸದ್ದಾಯಿತು. ಚಪ್ಪಲಿಗಳು ಮೆಟ್ಟಿಲ ತನಕ ಬಂದು ನಿಂತವು. ಒಬ್ಬರು, ಬೋಪಯ್ಯನವರೇ ಇರಬೇಕು, ಮಾತಿಲ್ಲದೆ ಮರಳಿದರು. ಅನಂತ, "ಅತ್ತಿಗೆ, ಬಾಗಿಲು ತೆಗೀರಿ, ಜನ ಏನಂತಾರೆ," ಎಂದು ಎರಡು ಸಲ ಕರೆದ. ಆಮೇಲೆ ವಿನಯನ ಮುಷ್ಟಿ ಬಾಗಿಲಿಗೆ ಬಿತ್ತು. ಚೌಕಟ್ಟಿನಿಂದ ಸುಣ್ಣ ಉದುರಿತು. "ಐಶೂ, ತೆಗಿ. ತೆಗಿ ಅಂದೆ." ಮತ್ತೆ ಮುಷ್ಟಿ. ಮತ್ತೆ ಕಾಲು.

ಐಶ್ವರ್ಯ ಥಟ್ಟನೆ ಎದ್ದು, ಮುಂದಿದ್ದ ಗಂಜಿಯ ಬಟ್ಟಲುಗಳನ್ನು ಎತ್ತಿ ಅಡಗಿಸಲು ಹೋದಳು. ನಿರ್ಮಲ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

"ಅಲ್ಲೇ ಇರ್ಲಿ. ಬಿಸಿ ಆರುತ್ತೆ, ಕುಡಿ." ಬಾಗಿಲ ಕಡೆ ಮುಖ ಮಾಡಿ, ದನಿ ಏರಿಸದೆ ಹೇಳಿದಳು: "ವಿನಯ್, ದೀಪ ನೋಡಿದ್ಯಲ್ಲ. ಹೊರಡು."

ಬಡಿತ ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ದೀಪದ ಬೆಳಕು ಒಂದು ಹಳದಿ ಗೆರೆಯಾಗಿ ಒಳಗೆ ಬಿದ್ದಿತ್ತು. ಅದರ ನಡುವೆ ಎರಡು ಕಾಲುಗಳ ಕಪ್ಪು ನೆರಳು. ಇಬ್ಬರು ಹೆಂಗಸರೂ ಗಂಜಿ ಕುಡಿಯುತ್ತ ಆ ನೆರಳನ್ನೇ ನೋಡುತ್ತ ಕೂತರು.